ಅಳೆದೂ ಸುರಿದೂ

ಎಡ್ನಾ ಪ್ಯಾಸ್ಕೋಳ ತಕ್ಕಡಿ ಈಗ ಕಪಾಟಿನ ನೆತ್ತಿಯಲ್ಲಿ.
ಅದರ ಹಿತ್ತಾಳೆ ಬಟ್ಟಲಲ್ಲಿ ಉರಿದುಹೋದ ಎರಡು ಬಲ್ಬು, ಒಂದು ದಾರದುಂಡೆ.
ಮುಳ್ಳು ಇನ್ನೂ ಸರಿಯಾಗಿಯೇ ನಿಲ್ಲುತ್ತದೆ.
ನೋಟದ ನಟ್ಟನಡುವೆ ಬೂದಿ ಬಿದ್ದವಳಿಗೆ
ಅದು ಎಲ್ಲಿ ನಿಂತರೇನು?

‘ಔನ್ಸನ್ನೆಲ್ಲ ಕಪ್ಪಿಗೆ ಇಳಿಸಿಕೊಡು ಮಾರಾಯ,
ಕಪ್ಪಾದರೆ ಬೆರಳಿಟ್ಟು ನೋಡಿಯೇನು’ ಅಂದಳು.
ಕಪ್ಪು ಎಂದರೆ ನನ್ನ ಮಾತಿನಲ್ಲಿ ಕತ್ತಲೆಯ ಬಣ್ಣವೂ ಹೌದು;
ಅದನ್ನು ಅವಳಿಗೆ ಹೇಳಲಿಲ್ಲ.

ಬ್ಯಾಲರಾಟ್‌ನ ಜುಲೈ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿ.
ಔಷಧದಂಗಡಿಯಲ್ಲಿ ವಾರವಿಡೀ ಮಿಲಿಗ್ರಾಂ ಎಣಿಸುವ ನಾನು
ಪುಟ್ಟ ತೂಕದ ಯಂತ್ರ ಕಂಕುಳಲ್ಲಿಟ್ಟು ಬೇಲಿ ದಾಟಿದೆ.

ಅವಳ ಅಮ್ಮನ ಕೈಬರಹ: ಶುಂಠಿ ಕೇಕು.
ಹಿಟ್ಟು ಎಂಟು ಔನ್ಸು. ಟ್ರೀಕಲ್ ಆರು,
ನಮ್ಮ ಜೋನಿಬೆಲ್ಲದ ಸೀಮೆ ನೆಂಟ.
ಬೆಣ್ಣೆ, ಮೂರು ಅಕ್ರೋಟಿನಷ್ಟು.
ಒಲೆ, ಒಳಗಿಟ್ಟ ಕೈ ಇಪ್ಪತ್ತು ಎಣಿಸುವಷ್ಟು ಬಿಸಿ.

‘ಅದುಮಿಯೋ, ಉದುರಾಗಿಯೋ?’ ಕೇಳಿದೆ.
ಹಿಟ್ಟಿನಂಥ ಸುಳ್ಳುಗಾರ ಇನ್ನೊಬ್ಬನಿಲ್ಲ:
ಚಮಚದಲ್ಲಿ ಉದುರಿಸಿದರೆ ಕಪ್ಪಿಗೆ ನೂರಮೂವತ್ತು ಗ್ರಾಂ,
ಡಬ್ಬಕ್ಕೆ ಕಪ್ಪನ್ನೇ ಅದ್ದಿದರೆ ನೂರೈವತ್ತು,
ಮೇಜಿಗೆ ಕುಟ್ಟಿದರೆ, ರಶ್ಶಿನ ಬಸ್ಸಿನಲ್ಲಿ
‘ಒಂಚೂರು ಸರೀರಿ’ ಅಂದಹಾಗೆ
ಇನ್ನೂ ನಾಲ್ಕು ಜನಕ್ಕೆ ಜಾಗ.

ನಮ್ಮಲ್ಲೂ ಸೇರು ಎರಡಿದ್ದವು ಎಂದೆ,
ತೂಕದ್ದೊಂದು, ಅಳತೆಯದೊಂದು,
ಒಂದೇ ಹೆಸರಿಟ್ಟುಕೊಂಡ ದಾಯಾದಿಗಳು.
ಯಾವ ಸೇರೆಂದು ಕೇಳದೆ ಕೊಂಡವನು ಕೆಟ್ಟ.
‘ಇಲ್ಲಿ ಕೇಳಿ ಕೊಂಡವನೂ ಕೆಟ್ಟಿದ್ದಾನೆ’ ಅಂದಳು.

ಅಳೆದೆವು, ಸುರಿದೆವು. ಮತ್ತೆ ಅಳೆದೆವು.
ಅವಳ ಕಪ್ಪಿನ ಹಿಡಿಗೆ ಅರದಿಂದ ಗೀರು ಹಾಕಿದೆ,
ಅರ್ಧಕ್ಕೆ ಒಂದು, ಪೂರ್ತಿಗೆ ಎರಡು.
ಟ್ರೀಕಲ್ ಎಂಟು ದೊಡ್ಡ ಚಮಚ ಎಂದು
ಪಟ್ಟಿ ನೋಡಿ ಗಟ್ಟಿಯಾಗಿ ಓದಿದೆ.
ಅವಳು ಬಾಯಿಪಾಠ ಮಾಡಿದಳು, ಮಗ್ಗಿಯಂತೆ.

ಮುಂದಿನ ಭಾನುವಾರ ಕೇಕಿನ ನಡುವೆ ಒಂದು ಹೊಂಡ.
ಚಮಚ ತೂಗಿದೆ. ನೀರು ತುಂಬಿ ಮತ್ತೆ ತೂಗಿದೆ.
ನನ್ನ ಪಟ್ಟಿ ಬೇರೆ ದೇಶದ್ದು, ಅಲ್ಲಿಯ ಚಮಚಕ್ಕೆ ಹದಿನೈದು ಮಿಲಿ;
ಇಲ್ಲಿಯದಕ್ಕೆ ಇಪ್ಪತ್ತು.
ಎಂಟು ಸಲ ಐದು. ಹೊಂಡದ ಆಳ ಅಷ್ಟೇ.
ಔಷಧದಂಗಡಿಯವನು! ಕಿವಿ ಬಿಸಿಯಾಯಿತು.
ಎಡ್ನಾ ಹೊಂಡದೊಳಗೆ ಹೆಬ್ಬೆರಳಿಟ್ಟು ತಡವಿದಳು:
‘ಅಮ್ಮನದೂ ಇಲ್ಲೇ ಕುಸಿಯುತ್ತಿತ್ತು.
ಅಲ್ಲಿಗೆ ಕೆನೆ ತುಂಬುತ್ತಿದ್ದಳು.’

ತುಂಬಿದೆವು. ಕೆನೆಗೆ ಅಳತೆ ಕೇಳಲಿಲ್ಲ.

‘ಈಗ ನಿನ್ನದು ಹೇಳು, ಆ ಹುಳಿ ಸಾರು.’
ನಿಂಬೆ ಗಾತ್ರದ ಹುಣಸೆಹಣ್ಣು, ಶುರು ಮಾಡಿದೆ.
ಅವಳು ಹಿತ್ತಲಿಗೆ ನಡೆದು, ಗಿಡ ತಡವಿ,
ಕ್ರಿಕೆಟ್ ಚೆಂಡಿನಷ್ಟು ದಪ್ಪ ನಿಂಬೆಯೊಂದನ್ನು ತಂದಳು.
‘ಇಷ್ಟಾ?’

ಅಷ್ಟು ಹಾಕಿದರೆ ಬೀದಿಯ ಹಲ್ಲೆಲ್ಲ ಚುಳಿತು ಹೋದಾವು!
ನಕ್ಕು ನಕ್ಕು, ಮನೆಯಿಂದ ಹುಣಸೆ ತಂದು
ನಾರು ತೆಗೆದು, ಉಂಡೆ ಮಾಡಿ
ಅವಳ ಅಂಗೈಯಲ್ಲಿಟ್ಟೆ.

ಬೆರಳು ಮಡಚಿದಳು.
ಒಮ್ಮೆ ಮೇಲೆ, ಕೆಳಗೆ ಆಡಿಸಿದಳು,
ಮತ್ತೆ ಒತ್ತಿ ಹಿಡಿದಳು.
ತೂಕ ನೋಡುತ್ತಿದ್ದಳೋ, ಗಾತ್ರವೋ,
ಕೇಳಲು ಹೋಗಿ ಸುಮ್ಮನಾದೆ.