ಸರತಿ ಚೀಟಿ

ಸಂಪಂಗಮ್ಮನ ಫೋಟೋ ಈಗ ಬೋರ್‌ವೆಲ್ ಶೆಡ್ಡಿನ ಮೇಲೂ ಇದೆ,
ಕೈ ಮುಗಿದು, ಗಲ್ಲ ಕೊಂಚ ಬೆಳ್ಳಗೆ ಮಾಡಿಸಿಕೊಂಡು.
ಗಾಳಿಗೆ ಫ್ಲೆಕ್ಸಿನ ಒಂದು ಮೂಲೆ ಕಿತ್ತು
ಕಣ್ಣಿನ ಮೇಲೆ ಮಡಚಿ ಬಿದ್ದಿದೆ.
ನೋಡುತ್ತಾ ನಿಂತರೆ ಆಟೋದವನು ಕೇಳುತ್ತಾನೆ:
ನಿಮಗೆ ಗೊತ್ತಾ ಅವರು?

ಗೊತ್ತಾ ಅಂದರೆ.

ಅವಳಪ್ಪ ಪಿಳ್ಳಪ್ಪ, ನೀರುಗಂಟಿ.
ಅವನ ತಾತ ಕೆರೆಯ ತೂಬು ತೆಗೆದವನು;
ಕೆರೆ ಬಸ್ ಡಿಪೋ ಆದ ಮೇಲೆ
ಮೊಮ್ಮಗ ಬೀದಿ ಬೀದಿಯ ವಾಲ್ವ್ ತಿರುಗಿಸಿದ.
ಹೆಗಲ ಮೇಲೆ ಎದೆಮಟ್ಟದ ಕಬ್ಬಿಣದ ಕೀಲಿ,
ರಾತ್ರಿ ಮೂರಕ್ಕೆ ಅದು ಕಲ್ಲಿಗೆ ತಾಕಿದ ಸದ್ದಿಗೇ
ವಿಲ್ಸನ್ ಗಾರ್ಡನ್ನಿನ ಹಿಂದಿನ ನಮ್ಮ ಹನ್ನೊಂದು ಗಲ್ಲಿ
ಕೊಡ ಹಿಡಿದು ಎದ್ದು ಕೂರುತ್ತಿತ್ತು.

ಅವನ ಹಿಂದೆ ಟಾರ್ಚು ಹಿಡಿದು ನಡೆದವಳು ಇವಳು,
ಐದನೇ ಕ್ಲಾಸು.
ಯಾವ ಮನೆಯ ಸಂಪು ಆಳ, ಯಾರದು ಕಳ್ಳ ಮೋಟರು,
ಎಲ್ಲಿ ಪೈಪು ನೆಲದಡಿ ಅಳುತ್ತದೆ,
ಎಲ್ಲ ಅಂಗಾಲಿಗೆ ಗೊತ್ತು.
ಭೂಗೋಳದಲ್ಲಿ ಮಾತ್ರ ಎರಡು ಸಲ ಫೇಲು.

ಮೊದಲ ಪದವಿ ಯಾರೂ ಕೊಟ್ಟದ್ದಲ್ಲ.
ನಲ್ಲಿಯ ಮುಂದೆ ಜುಟ್ಟು ಹಿಡಿದು ಹೊಡೆದಾಟವಾದ ದಿನ
ಕ್ಯಾಲೆಂಡರಿನ ಹಳೇ ತಿಂಗಳು ಹರಿದು
ಅದರ ಬೆನ್ನಿಗೆ ಹೆಸರು ಬರೆದಳು:
ಜಯಮೇರಿ ಮೂರು ಕೊಡ, ನೂರುನ್ನಿಸಾ ಮೂರು,
ಬಾಣಂತಿ ಮನೆಗೆ ಐದು, ಹೊಡೆದವರಿಗೂ ಮೂರು.
ತನ್ನ ಮನೆ ಕಟ್ಟಕಡೆಗೆ.
ಆಮೇಲೆ ಹನ್ನೆರಡು ವರ್ಷ
ಆ ಚೀಟಿಯೇ ನಮಗೆ ಸರ್ಕಾರ.

ಒಂದೇ ಸಲ ಸರತಿ ಮುರಿದಳು.
ನನಗೆ ಎರಡನೇ ಹೆರಿಗೆ, ಗಾಡಿ ಸಿಗದೆ ಮನೆಯಲ್ಲೇ;
ಎಲ್ಲರ ಕೊಡಗಳನ್ನೂ ಕಾಲಲ್ಲಿ ಸರಿಸಿ
ಎರಡು ಬಿಂದಿಗೆ ಹೊತ್ತು ತಂದಳು.
ಮಾರನೆಯ ದಿನ ಚೀಟಿಯಲ್ಲಿ
ನನ್ನ ಹೆಸರಿಗೆ ಎರಡು ಕೊಡ ಕಡಿಮೆ ಬರೆದಿದ್ದಳು.

ಟಿಕೆಟ್ಟು ಬಂದದ್ದು ನೀರಿನಿಂದಲ್ಲ, ಪಟ್ಟಿಯಿಂದ.
ವಾರ್ಡು ಹಿಂದುಳಿದ ವರ್ಗದ ಮಹಿಳೆಗೆ ಮೀಸಲು ಎಂದು ಗೊತ್ತಾದ ಸಂಜೆ
ಹದಿನೈದು ವರ್ಷ ಬಿಳಿ ಷರಟು ಇಸ್ತ್ರಿ ಮಾಡಿಸಿಟ್ಟಿದ್ದ ಕೋದಂಡಣ್ಣ
ಕುರ್ಚಿ ಒದ್ದನಂತೆ;
ಹೆಂಡತಿಯ ಸರ್ಟಿಫಿಕೇಟಿನಲ್ಲಿ ಬೇರೆ ಜಾತಿ.
ಮೂರು ದಿನ ಹುಡುಕಿದ: ಸಹಿ ಬರಬೇಕು,
ಓದೋಕೆ ಬರಬಾರದು, ಮಾತಂತೂ ಬೇಡವೇ ಬೇಡ.
ಆಗ ಯಾರೋ ಅಂದರು: ನೀರುಗಂಟಿ ಮಗಳಿದ್ದಾಳಲ್ಲ,
ಗಾರ್ಮೆಂಟ್ಸಲ್ಲಿ ಗುಂಡಿ ಹಚ್ಚುತ್ತಾಳೆ, ಬಾಯಿ ಸತ್ತವಳು.

ಗಲ್ಲಿ ವಾರವಿಡೀ ನಕ್ಕಿತು.
ಬಾಯಿ ಸತ್ತವಳಂತೆ!

ನಾಮಪತ್ರದ ದಿನ ಅಪ್ಪನ ಕೀಲಿಯನ್ನೂ ಒಯ್ದಳು,
ಗೇಟಿನಲ್ಲಿ ಪೊಲೀಸರು ಆಯುಧ ಅಂತ ಕಿತ್ತುಕೊಂಡರು.
ಆಸ್ತಿಯ ಕಾಲಮ್ಮಿನಲ್ಲಿ ಬರೆಸಿದ್ದು
ಓಲೆ ಒಂದು ಜೊತೆ, ಹೊಲಿಗೆ ಮಿಷನ್ನು,
ಚೀಟಿ ದುಡ್ಡು ಬರಬೇಕಾದ್ದು ಆರು ಸಾವಿರ.
ಕೀಲಿ ಬರೀಬೇಡಿ, ಅದು ಇಲಾಖೆಯದು, ಅಂದಳಂತೆ.

ಗೆದ್ದಳು. ನಲವತ್ತೊಂದು ವೋಟು.

ಈಗ ನನ್ನದು ಹೇಳುತ್ತೇನೆ.
ಎದುರು ಪಕ್ಷದವರು ಹಿಂದಿನ ರಾತ್ರಿ ಕುಕ್ಕರ್ ಹಂಚಿದರು,
ಐದು ಲೀಟರಿನದು. ದೇವರ ಫೋಟೋ ಮುಟ್ಟಿಸಿ ಆಣೆ ಹಾಕಿಸಿಕೊಂಡರು.
ಆಣೆಗೆ ಹೆದರಿದೆನೋ, ಕುಕ್ಕರಿಗೆ ಒಲಿದೆನೋ,
ಪರದೆಯ ಹಿಂದೆ ನನ್ನ ಬೆರಳು
ಅವಳ ಗುರುತು ದಾಟಿ ಕೆಳಗಿಳಿಯಿತು.
ಕುಂಯ್ ಅಂದ ಆ ಸದ್ದು ಇನ್ನೂ ಕಿವಿಯಲ್ಲಿದೆ.

ಕೋದಂಡಣ್ಣ ಈಗ ಅವಳ ಆಫೀಸಿನ ಹೊರಗೆ ಬೆಂಚಿನಲ್ಲಿ ಕೂರುತ್ತಾನೆ.
ಅವಳು ಒಂದು ಚೂರೂ ಕೆಟ್ಟಿಲ್ಲ ಅಂತ ಆಣೆ ಮಾಡಲಾರೆ
(ಆಣೆಯ ವಿಷಯದಲ್ಲಿ ನನಗೆ ಬಾಯೂ ಇಲ್ಲ).
ಓಲೆ ಹೋಗಿ ಜುಮುಕಿ ಬಂತು,
ತಮ್ಮನಿಗೆ ಚರಂಡಿ ಕಂಟ್ರಾಕ್ಟು.
ಆದರೆ ನೀರು ಬಿಡುವ ರಾತ್ರಿ
ಕಾರು ಮೂಲೆಯಲ್ಲಿ ನಿಲ್ಲಿಸಿ, ಚಪ್ಪಲಿ ಕಳಚಿ,
ಗಲ್ಲಿಯುದ್ದಕ್ಕೂ ನಡೆಯುತ್ತಾಳೆ
ಅಂಗಾಲಲ್ಲಿ ಕೇಳಿಸಿಕೊಳ್ಳುತ್ತಾ.

ಹೋದ ಗುರುವಾರ ನಮ್ಮ ಮನೆಗೆ ಬಂದಳು. ಟೀ ಕುಡಿದಳು.
ಒಳಗೆ ಕುಕ್ಕರು ಕೂಗಿತು.
ನಾನು ಲೋಟದ ತಳ ನೋಡುತ್ತಾ ಕೂತೆ.
ಮೂರನೇ ಸೀಟಿಗೆ ಅವಳೇ ಎದ್ದು ಹೋಗಿ
ಒಲೆ ಆರಿಸಿ ಬಂದು, ಸೆರಗಲ್ಲಿ ಕೈ ಒರೆಸುತ್ತಾ ಅಂದಳು:
ಗ್ಯಾಸ್ಕೆಟ್ ಬದಲಾಯಿಸೇ,
ಈ ಸಾಲಿನ ಎಲ್ಲ ಮನೆಯಲ್ಲೂ ಹೀಗೇ ಸೋರ್ತಿದೆ.