ಬಾಡಿಗೆ ಕುರ್ಚಿ

ಹಾಸನದ ಬಿ.ಎಂ. ರಸ್ತೆ, ನನ್ನ ಅಂಗಡಿ.
ಗೈಡುಗಳ ರ‍್ಯಾಕನ್ನು ಗೋಡೆಗೆ ನೂಕಿದೆ.
ಶಾಮಿಯಾನದ ಫಯಾಜ್ ಮೂವತ್ತು ಕುರ್ಚಿ ಇಳಿಸಿ
'ತಲಾ ಎಂಟು ರೂಪಾಯಿ ಸಾರ್,
ಕೂತರೂ ಅಷ್ಟೇ, ಕೂರದಿದ್ರೂ ಅಷ್ಟೇ' ಅಂದ.

ಹೊಳೆನರಸೀಪುರದ ಬಸ್ಸಿಳಿದು ಬಂದರು ವಿಮಲಾಕ್ಷಿ ಮೇಡಂ.
ಓದುವ ಪುಟದ ಗುರುತಿಗೆ
ಅದೇ ಬಸ್ಸಿನ ಟಿಕೆಟ್ಟು.

ಆರೂಕಾಲಾದರೂ ಏಳೇ ಜನ,
ನನ್ನ ತಂಗಿ, ಪ್ರೂಫ್ ತಿದ್ದಿದ ಮೇಷ್ಟ್ರು ಸೇರಿ.

ಓದು ಹದಕ್ಕೆ ಬರುವಾಗ ಬಾಗಿಲಲ್ಲೊಬ್ಬ ಹುಡುಗ:
'ಗ್ರಾಫ್ ಶೀಟ್ ಇದ್ಯಾ?'
ನಾನು ಕಣ್ಣಲ್ಲೇ ಗದರಿದೆ.
'ಕೊಡಿ, ಕಾಯ್ತೀನಿ' ಅಂದರು ಮೇಡಂ.
ಚಿಲ್ಲರೆ ಎಣಿಸಿ ಮುಗಿಯುವ ತನಕ
ಬೆರಳು ಸಾಲಿನ ಮೇಲೇ ಇತ್ತು.
ಆಮೇಲೆ ಮೊದಲಿಂದ ಓದಿದರು, ಅದೇ ಸಾಲು.

ರಾತ್ರಿ ಒಂದರೊಳಗೊಂದು ಪೇರಿಸುತ್ತ
ಫಯಾಜ್ ಅಂಗೈಯಿಟ್ಟು ನೋಡಿದ:
'ಏಳು ಅಂದ್ರಲ್ಲ ಸಾರ್,
ಬೆಚ್ಚಗಿರೋವು ಎಂಟಿದಾವೆ.'