ಸವರಿಮುತ್ತು ಕಟ್ಟಿದ ಬಾಡಿ

ಬಳ್ಳಾರಿ ಕೌಲ್‌ಬಜಾರಿನಲ್ಲಿ, ಈಗ ಮೊಬೈಲು ರಿಪೇರಿಯಾಗುವ ಜಾಗದಲ್ಲಿ,
ಸವರಿಮುತ್ತು ಮೇಸ್ತ್ರಿಯ ಶೆಡ್ಡಿತ್ತು.
ಮೂತಿ ಫಿಯೆಟ್ಟಿನ ಬರೀ ಎಲುಬು ಬರುತ್ತಿತ್ತಂತೆ ಗೂಡ್ಸಿನಲ್ಲಿ:
ಎಂಜಿನ್ನು, ನಾಲ್ಕು ಗಾಲಿ,
ಡ್ರೈವರು ಕೂರಲು ಸೋಪಿನದೊಂದು ಪೆಟ್ಟಿಗೆ.
ಉಳಿದದ್ದು ಮೇಸ್ತ್ರಿಯ ಪಾಲು.
ತೇಗ, ತಗಡು, ಮರದ ಸುತ್ತಿಗೆ,
ಉಸುಕು ತುಂಬಿದ ಚರ್ಮದ ಚೀಲ.

ಒಟ್ಟು ಹದಿಮೂರು ಕಟ್ಟಿದ.
ಇದು ಮಗಳು ಹೇಳಿದ ಲೆಕ್ಕ; ಅಳಿಯ ಹದಿನಾಲ್ಕು ಅನ್ನುತ್ತಾನೆ.

ಹುಡುಕುವವರು ನಾವು ಮೂವರು.
ನಾನು ಆರ್‌ಟಿಓ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿದವನು.
ಹುಲಿಗೇಶ ಅದಿರು ಟಿಪ್ಪರಿನ ಡ್ರೈವರು,
ರಸ್ತೆಬದಿಯ ತುಕ್ಕು ಯಾವ ಕಂಪನಿಯದೆಂದು
ಎಂಬತ್ತರ ಸ್ಪೀಡಿನಲ್ಲೇ ಹೇಳುತ್ತಾನೆ.
ರೆಹಾನಾ ಮೇಡಂ ಡ್ರಾಯಿಂಗ್ ಟೀಚರು.
ಅಳತೆ ಅವರದು, ನೋಟುಬುಕ್ಕೂ ಅವರದು.
ಭಾನುವಾರ ಮಾತ್ರ. ಬುತ್ತಿ ಕಟ್ಟಿಕೊಂಡು.

ಮೊದಲನೆಯದು ಗಂಗಾವತಿಯ ಅಕ್ಕಿಗಿರಣಿಯಲ್ಲಿ ಗುಮಾಸ್ತರ ಕೋಣೆಯಾಗಿತ್ತು,
ಸ್ಟೇರಿಂಗಿಗೆ ರಸೀದಿ ಸಿಕ್ಕಿಸಿದ್ದರು.
ಮಾನ್ವಿಯದು ಇನ್ನೂ ಓಡುತ್ತದೆ, ಇಳಿಜಾರಿನಲ್ಲಿ.
ಸಂಡೂರಿನದು ಕೆಮ್ಮಣ್ಣಿನಲ್ಲಿ ಕಿಟಕಿಮಟ್ಟ ಹೂತು
ಒಳಗೆ ಆಡು ಈದಿತ್ತು, ಅಳೆಯಲು ಬಿಡಲಿಲ್ಲ.
ಲಿಂಗಸುಗೂರಿನದನ್ನು ಕಂಡು ಹಿಗ್ಗಿದೆವು;
ಬಾಗಿಲು ಹಾಕಿ ನೋಡಿದರೆ
ಬೇರೆ ಯಾರದೋ ಕೆಲಸ.
ಹೆಂಗ ಗೊತ್ತು ಅಂದರೆ, ಸದ್ದಿನಿಂದ.

ಸವರಿಮುತ್ತುವಿನ ಬಾಗಿಲು ಬಡಿಯುವುದಿಲ್ಲ,
ಹಣ್ಣಾದ ಕಲ್ಲಂಗಡಿಗೆ ಬೆರಳು ಮಡಚಿ ತಟ್ಟಿದ ಹಾಗೆ
ಒಂದೇ ಒಂದು ‘ದುಂ’.

ಆಮೇಲೆ ರೆಕ್ಸಿನ್ನು ಬಿಚ್ಚಬೇಕು.
ತೇಗದ ಮೇಲೆ ಬಡಗಿ ಪೆನ್ಸಿಲಿನಲ್ಲಿ ತಮಿಳು,
ನಮ್ಮ ಮೂವರಿಗೂ ಬಾರದ್ದು.
ಮಿಶನ್ ಆಸ್ಪತ್ರೆಯ ನರ್ಸ್ ಆರೋಗ್ಯಮೇರಿ ಫೋಟೋ ನೋಡಿ ಓದುತ್ತಾರೆ:
‘ಧಗೆ. ತಗಡು ಮುಟ್ಟಲಾಗದು.’
‘ಮಗಳಿಗೆ ಎರಡು ಹಲ್ಲು.’
‘ಸಾಹುಕಾರ ಮತ್ತೆ ಬಣ್ಣ ಬದಲಿಸಿದ. ನಾಯಿ.’
ಮೇಡಂ ಆ ‘ನಾಯಿ’ಯನ್ನೂ ನೋಟುಬುಕ್ಕಿಗಿಳಿಸಿದರು, ದುಂಡಗೆ.

ಎಂಟಾಯಿತು. ಅಲ್ಲಿಗೆ ನಿಂತಿತು, ಎರಡು ವರ್ಷ.

ಹೋದ ವಾರ ಹುಲಿಗೇಶನ ಫೋನು:
‘ಕುರುಗೋಡ ಹತ್ರ ಒಂದು ಬಾಗ್ಲ ಐತಿ ಸರ್.
ಬಾಗ್ಲ ಅಷ್ಟ. ಬಚ್ಚಲಕ್ಕ ಹಾಕ್ಯಾರ.’

ಬಾಗಿಲು ಕಾರಲ್ಲ, ಎಂದರು ಮೇಡಂ.
ದಾರಿಯುದ್ದಕ್ಕೂ ಅದೇ ಜಗಳ.
ಮೂತಿಯಿಲ್ಲ, ಚಾಸಿಯಿಲ್ಲ, ನಾನು ಉಜ್ಜುವುದಾದರೂ ಯಾವುದನ್ನು?
‘ಹಲ್ಲು ಸಿಕ್ರ ಹುಲಿ ಇತ್ತಂತ ಬರಿಯಂಗಿಲ್ಲೇನ್ರಿ?’
‘ಇತ್ತು ಅಂತ ಬರೀತಾರೆ ಹುಲಿಗೇಶ. ಇದೆ ಅಂತಲ್ಲ.’

ಸುಂಕಮ್ಮ ನೀರು ಕಾಸಿ ತೋಡಿಕೊಂಡು ನಿಂತಿದ್ದಳು, ಹೆಗಲ ಮೇಲೆ ಟವೆಲು.
ತಿರುಪು ಬಿಚ್ಚಿ ಬೇವಿನ ಮರಕ್ಕೆ ಆನಿಸಿದೆವು.
ಒಳಗಿನ ತಗಡು ಎಬ್ಬಿಸಿದರೆ
ಗೆದ್ದಲು ಮುಕ್ಕಾಲು ಓದಿ ಮುಗಿಸಿತ್ತು.
ಉಳಿದ ಸಾಲಿಗೆ ಆರೋಗ್ಯಮೇರಿ ಫೋನಿನಲ್ಲಿ ತುಸು ತಡೆದರು.
‘ಇದರಲ್ಲೇನೂ ಇಲ್ಲ ಸರ್, ಬರೀ ಲೆಕ್ಕ. ಮೊಳೆ, ಸರೇಸು.
ಬರಬೇಕಾದ್ದು ಹದಿನಾಲ್ಕು ರೂಪಾಯಿ.’

‘ನೀರು ಆರ್ತಾವ ನೋಡ್ರಿ’ ಅಂದಳು ಸುಂಕಮ್ಮ.

ಹಳೆಯ ತಿರುಪುಗಳಲ್ಲೇ ಕೂಡಿಸಿದೆವು.
ಒಂದು ಮಣ್ಣಲ್ಲಿ ಕಳೆದಿತ್ತು,
ಹುಲಿಗೇಶ ಟಿಪ್ಪರಿನದೊಂದು ತಂದು ಬಿಗಿದ.
ಆಕೆ ಒಳಹೋಗಿ ಎಳೆದುಕೊಂಡಳು.

ದುಂ.

ಆಮೇಲೆ ಚೆಂಬಿನ ಸದ್ದು.
ಗಂಡಸರು ನಿಲ್ಲಬಾರದ ಜಾಗ; ಮೇಡಂ ನಮ್ಮಿಬ್ಬರನ್ನೂ
ರಸ್ತೆಯವರೆಗೆ ದಬ್ಬಿಕೊಂಡು ಬಂದರು,
ಪೆನ್ನು ಕೇಳಿದರು,
ಬಾನೆಟ್ಟಿನ ಮೇಲೆ ನೋಟುಬುಕ್ಕಿಟ್ಟು ಬರೆದರು:
ಒಂಬತ್ತು. ಕುರುಗೋಡು. ನಂಬರಿಲ್ಲ.
ಓಡುವುದಿಲ್ಲ. ಬಳಕೆಯಲ್ಲಿದೆ.

ಆ ಹದಿನಾಲ್ಕು ರೂಪಾಯಿ ಈಗ ಯಾರು ಯಾರಿಗೆ ಕೊಡಬೇಕೆಂದು
ಹುಲಿಗೇಶ ಬಳ್ಳಾರಿ ಮುಟ್ಟುವವರೆಗೂ ಕೇಳುತ್ತಲೇ ಇದ್ದ.